ಹೊಸ್ತಿಲು ದಾಟಿ ಒಳಗೆ ಬನ್ನಿ

ವಿಕಲಚೇತನರ ಯೋಜನೆಗಳನ್ನು ಬರೆಯುವ ಅಧಿಕಾರಿಗಳಿಗೆ, ಅವನ್ನು ಹಂಚುವ ಗ್ರಾಮ ಪಂಚಾಯಿತಿಯವರಿಗೆ, ಜೊತೆಗೆ ನಮ್ಮೂರ ಕಡೆ ಮನೆ ಕಟ್ಟುವ ಎಲ್ಲ ಮೇಸ್ತ್ರಿಗಳಿಗೆ,

ನಮಸ್ಕಾರ.

ಹೋದ ವರ್ಷ ಶ್ರಾವಣದಲ್ಲಿ ಪಂಚಾಯಿತಿಯಿಂದ ಒಂದು ಫೋನ್ ಬಂತು. "ಮೇಡಂ, ನಿಮ್ಮ ಹೆಸರಿಗೆ ತ್ರಿಚಕ್ರ ಸೈಕಲ್ ಬಂದಿದೆ. ಬಂದು ತಗೊಂಡು ಹೋಗಿ, ಫೋಟೋ ತೆಗೀಬೇಕು." ಕೈಯಲ್ಲಿ ಹಿಡಿ ತಿರುಗಿಸಿ ಓಡಿಸುವ ಸೈಕಲ್ ಅದು. ನನಗೆ ನಗು ಬಂತು. ನನ್ನ ತಲೆ ನಾನೇ ಬಾಚಿಕೊಳ್ಳುವಷ್ಟು ಶಕ್ತಿ ಭುಜದಲ್ಲಿ ಇಲ್ಲ. ಆ ಹಿಡಿಯನ್ನು ಯಾರು ತಿರುಗಿಸಬೇಕು?

"ಅದು ಬೇಡಪ್ಪ. ಅದರ ಬದಲು ನಮ್ಮ ಬಚ್ಚಲಿಗೆ ಒಂದು ಎತ್ತರದ ಕಮೋಡು, ಗೋಡೆಗೆ ಎರಡು ಕಂಬಿ ಹಾಕಿಸಿಕೊಡೋಕಾಗುತ್ತಾ?" ಅಂತ ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಆ ಹುಡುಗ ಮೆಲ್ಲಗೆ ಹೇಳಿದ: "ಅದು ಪಟ್ಟೀಲಿ ಇಲ್ಲ ಮೇಡಂ."

ಹುಡುಗ ಒಳ್ಳೆಯವನೇ. ನನ್ನ ಪಿಂಚಣಿ ನಿಂತಾಗ ಎರಡು ಸಲ ಓಡಾಡಿ ಸರಿ ಮಾಡಿಸಿಕೊಟ್ಟಿದ್ದಾನೆ. ಅವನ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಪಟ್ಟಿಯ ಮೇಲೆ. ಅದಕ್ಕೇ ಈ ಪತ್ರ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ವಯಸ್ಸು 43. ನನಗಿರುವುದು ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ. ಅದರಲ್ಲೂ ಸೊಂಟ ಮತ್ತು ಭುಜದ ಸುತ್ತಿನ ಸ್ನಾಯುಗಳನ್ನು ಸವೆಸುವ ಬಗೆ, ಲಿಂಬ್ ಗರ್ಡಲ್ ಅನ್ನುತ್ತಾರೆ. ಶುರುವಾದದ್ದು 19ನೇ ವಯಸ್ಸಿನಲ್ಲಿ. ಅಟ್ಟದ ಮೇಲಿದ್ದ ಉಪ್ಪಿನಕಾಯಿ ಜಾಡಿ ತೆಗೆಯಲು ತುದಿಗಾಲಲ್ಲಿ ನಿಲ್ಲೋಕೆ ಹೋದೆ, ಹಿಮ್ಮಡಿ ಮೇಲಕ್ಕೇ ಬರಲಿಲ್ಲ. ಅಮ್ಮ "ಸೋಮಾರಿ" ಅಂದಳು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಮದುವೆ ಆಯಿತು, ಮಗಳು ಹುಟ್ಟಿದಳು. ಬಾಣಂತನದ ನಂತರ ನೆಲದಿಂದ ಏಳುವುದು ಕಷ್ಟವಾಯಿತು. ರಕ್ತ ಪರೀಕ್ಷೆಯಲ್ಲಿ, ಲಿವರ್ ಕೆಟ್ಟಾಗ ಏರುವ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂತು. ಒಬ್ಬ ಡಾಕ್ಟರು ಲಿವರ್ ತೊಂದರೆ ಅಂದುಕೊಂಡು ತಿಂಗಳುಗಟ್ಟಲೆ ಅದಕ್ಕೇ ಔಷಧಿ ಕೊಟ್ಟರು. ಆ ಎರಡು ಅಂಶಗಳು ಸ್ನಾಯು ಹಾಳಾದಾಗಲೂ ರಕ್ತಕ್ಕೆ ಸೋರುತ್ತವೆ ಅಂತ ಯಾರಿಗೂ ಹೊಳೆಯಲಿಲ್ಲ. 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೊಡೆಯಿಂದ ಚೂರು ಸ್ನಾಯು ತೆಗೆದು ಪರೀಕ್ಷೆ ಮಾಡಿದ ಮೇಲೆ ಹೆಸರು ಗೊತ್ತಾಯಿತು.

ಡಿಸ್ಫರ್ಲಿನ್ ಅಂತ ಒಂದು ಪ್ರೋಟೀನ್ ಇದೆಯಂತೆ. ಸ್ನಾಯುವಿನ ಕಣದ ಮೇಲ್ಪದರ ಹರಿದಾಗ ತೇಪೆ ಹಾಕುವ ಕೆಲಸ ಅದರದ್ದು. ನನ್ನ ಮೈಯಲ್ಲಿ ಅದು ಇಲ್ಲ. ನಡೆದಾಗ, ಎದ್ದಾಗ, ಎತ್ತಿದಾಗ ಎಲ್ಲರ ಸ್ನಾಯುವೂ ಸ್ವಲ್ಪ ಸ್ವಲ್ಪ ಹರಿಯುತ್ತದೆ. ನಿಮ್ಮದು ರಿಪೇರಿ ಆಗುತ್ತದೆ, ನನ್ನದು ಆಗುವುದಿಲ್ಲ. ಪಂಕ್ಚರ್ ಅಂಗಡಿ ಇಲ್ಲದ ದಾರಿಯಲ್ಲಿ ಸೈಕಲ್ ಹೊಡೆದ ಹಾಗೆ. ಮುಳ್ಳು ಚುಚ್ಚದಂತೆ ಮೆಲ್ಲಗೆ ಹೋಗಬೇಕು, ಅಷ್ಟೇ.

ಅಪ್ಪ ಅಮ್ಮ ಸೋದರ ಸಂಬಂಧದಲ್ಲಿ ಮದುವೆಯಾದವರು. ಇಬ್ಬರಲ್ಲೂ ಕೆಟ್ಟ ಜೀನು ಒಂದೊಂದು ಅಡಗಿತ್ತು. ಅವರಿಗೇನೂ ಆಗಲಿಲ್ಲ. ಎರಡೂ ಕೂಡಿ ನನಗೆ ಬಂತು. ಹೀಗಿರುವ ದಂಪತಿಯ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಅಂತ ಡಾಕ್ಟರು ಹೇಳಿದರು. ಶಾಪ, ದೃಷ್ಟಿ, ನಾಗದೋಷ ಅಂತ ಊರಲ್ಲಿ ಹೇಳಿದ್ದು ಬೇರೆ. ಅದನ್ನೆಲ್ಲ ಇಲ್ಲಿ ಎತ್ತುವುದಿಲ್ಲ.

ಈಗ ನನ್ನ ಬೆಳಗು ಹೇಗಿರುತ್ತದೆ ಅಂತ ಹೇಳುತ್ತೇನೆ. ಪಟ್ಟಿ ಬರೆಯುವವರು ದಯವಿಟ್ಟು ಇದನ್ನು ಓಡಿಸಿಕೊಂಡು ಓದಬೇಡಿ.

ನನ್ನ ಮಂಚದ ಎತ್ತರ ನೆಲದಿಂದ 23 ಇಂಚು. ಕಾಲುಗಳ ಕೆಳಗೆ ಮರದ ದಿಮ್ಮಿ ಕೊಟ್ಟು, ಜಾರದಂತೆ ದಿಮ್ಮಿಯಲ್ಲಿ ಗುಳಿ ತೆಗೆಸಿದ್ದಾರೆ ನಮ್ಮನೆಯವರು. ಯಾಕೆ ಅಷ್ಟು ಎತ್ತರ? ಕೂತಾಗ ಸೊಂಟ ಮೊಣಕಾಲಿಗಿಂತ ಕೆಳಗಿದ್ದರೆ, ಏಳುವಾಗ ತೊಡೆಯ ಸ್ನಾಯು ಇಡೀ ಮೈಭಾರ ಎತ್ತಬೇಕು. ಸೊಂಟ ಮೇಲಿದ್ದರೆ ಮೈಯನ್ನು ಮುಂದಕ್ಕೆ ಬಾಗಿಸಿದರೆ ಸಾಕು, ಭಾರವೇ ನಮ್ಮನ್ನು ಕಾಲ ಮೇಲೆ ತಂದು ನಿಲ್ಲಿಸುತ್ತದೆ. ನನ್ನ ಮೊಣಕಾಲ ಗಂಟು ನೆಲದಿಂದ 17 ಇಂಚಿನಲ್ಲಿದೆ. 22 ಇಂಚಿನ ಕುರ್ಚಿಯಿಂದ ನಾನೇ ಏಳುತ್ತೇನೆ. 20 ಇಂಚಿನದ್ದಾದರೆ ಒಬ್ಬರು ಬೇಕು. 16 ಇಂಚಿನ ಪ್ಲಾಸ್ಟಿಕ್ ಕುರ್ಚಿಯಾದರೆ ಇಬ್ಬರು. ನನ್ನ ಸ್ವಾತಂತ್ರ್ಯ ಅನ್ನುವುದು ಎರಡು ಇಂಚಿನ ಲೆಕ್ಕ.

ನೆಲದಿಂದ ಏಳುವುದಂತೂ ಬಿಟ್ಟು ಎಷ್ಟೋ ವರ್ಷವಾಯಿತು. ಆಗುತ್ತಿದ್ದ ಕಾಲದಲ್ಲಿ ಹೀಗೆ ಏಳುತ್ತಿದ್ದೆ: ಮೊದಲು ಮಂಡಿಯೂರಿ, ಕೈ ನೆಲಕ್ಕೆ ಕೊಟ್ಟು, ಹಿಂಭಾಗ ಮೇಲೆತ್ತಿ, ಆಮೇಲೆ ಒಂದೊಂದೇ ಕೈಯನ್ನು ಮೊಣಕಾಲು, ತೊಡೆ ಅಂತ ಮೇಲೆ ಮೇಲೆ ಊರುತ್ತಾ, ನನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಿದ್ದೆ. ಡಾಕ್ಟರುಗಳು ಇದಕ್ಕೆ ಗೋವರ್ಸ್ ಚಿಹ್ನೆ ಅನ್ನುತ್ತಾರೆ. 19ನೇ ಶತಮಾನದಲ್ಲಿ ವಿಲಿಯಂ ಗೋವರ್ಸ್ ಅನ್ನುವ ಇಂಗ್ಲೆಂಡಿನ ವೈದ್ಯರು ಬರೆದಿಟ್ಟದ್ದು. ನಿಮ್ಮ ಮನೆಯಲ್ಲಿ ಯಾರಾದರೂ ಮಗು ಹೀಗೆ ಏಳುತ್ತಿದ್ದರೆ, ನೋಡಿ ನಗಬೇಡಿ. ಒಮ್ಮೆ ದೊಡ್ಡ ಆಸ್ಪತ್ರೆಗೆ ತೋರಿಸಿ.

ಇನ್ನು ಕಕ್ಕಸಿನ ವಿಷಯ. ಹೇಳಲು ನಾಚಿಕೆ. ಆದರೆ ನನ್ನಂಥವರೆಲ್ಲ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡದ್ದಕ್ಕೇ ಇದು ಯಾವ ಪಟ್ಟಿಗೂ ಸೇರಲಿಲ್ಲ.

ನಮ್ಮ ಮನೆಗೆ ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಶೌಚಾಲಯ ಕಟ್ಟಿಸಿದೆವು. ಖುಷಿಯಿಂದಲೇ ಕಟ್ಟಿಸಿದೆವು. ಬಯಲಿಗೆ ಹೋಗುವುದು ತಪ್ಪಿತಲ್ಲ! ಆದರೆ ಒಳಗೆ ಕೂರಿಸಿದ್ದು ನೆಲಮಟ್ಟದ ಗುಂಡಿ. ಕುಕ್ಕರಗಾಲಲ್ಲಿ ಕೂತರೆ ನಾನು ಏಳಲಾರೆ. ನಮ್ಮನೆಯವರು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಅದರ ಮೇಲಿಟ್ಟರು. ಕೆಲವು ತಿಂಗಳು ನಡೆಯಿತು. ಒಂದು ದಿನ ಒದ್ದೆ ನೆಲದಲ್ಲಿ ಕುರ್ಚಿಯ ಕಾಲು ಜಾರಿ, ಕುರ್ಚಿ ಸೀಳಿ, ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿಹಾಕಿಕೊಂಡೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನಾನೇ ಅದಕ್ಕೆ ಅಡ್ಡ ಬಿದ್ದಿದ್ದೆ. ಹೊರಗಿನಿಂದ ತೆಗೆಯುವ ಹಾಗಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗರು ಬಂದು ಬಾಗಿಲನ್ನೇ ಕಿತ್ತರು. ಮೈಮೇಲೆ ಟವೆಲ್ ಎಳೆದುಕೊಳ್ಳಲೂ ಆಗದೆ ಬಿದ್ದಿದ್ದ ನನ್ನ ಮೇಲೆ ಅತ್ತೆ ತಮ್ಮ ಸೆರಗನ್ನೇ ಹಾಸಿದರು.

ಆವತ್ತಿನಿಂದ ನಾನು ನೀರು ಕುಡಿಯುವುದು ಕಡಿಮೆ ಮಾಡಿದೆ. ಎಲ್ಲಾದರೂ ಹೋಗಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಬಂದ್. ಉರಿಮೂತ್ರ ಬಂತು, ಇಂಜೆಕ್ಷನ್ ಆಯಿತು. ನನ್ನಂಥ ಹೆಂಗಸರು ಯಾರೇ ಸಿಕ್ಕಿದರೂ ಮೊದಲು ಕೇಳಿಕೊಳ್ಳುವುದು ಇದನ್ನೇ. "ನೀವು ಮದುವೆ ಮನೇಲಿ ಏನ್ಮಾಡ್ತೀರಿ?" ಉತ್ತರ ಒಂದೇ. "ನೀರೇ ಕುಡಿಯಲ್ಲ ಕಣ್ರೀ."

ಈಗ ಸಾಲ ಮಾಡಿ ಕಮೋಡು ಹಾಕಿಸಿದ್ದೇವೆ. ಅಂಗಡಿಯಲ್ಲಿ ಸಿಗುವುದೆಲ್ಲ 15, 16 ಇಂಚಿನವು. ಅದರಡಿ ಕಾಂಕ್ರೀಟಿನ ಪೀಠ ಕಟ್ಟಿಸಿ 21 ಇಂಚು ಮಾಡಿಸಬೇಕಾಯಿತು. ಮೇಸ್ತ್ರಿ "ಇದೇನಮ್ಮ, ಸಿಂಹಾಸನಾನಾ?" ಅಂದ. ಹೂಂ ಅಂದೆ. ಬಲಗಡೆ ಗೋಡೆಗೆ ಒಂದು ಸ್ಟೀಲ್ ಕಂಬಿ, ಎದುರಿಗೆ ಇನ್ನೊಂದು. ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಚಿಲಕದ ಬದಲು ಹೊರಗಿನಿಂದಲೂ ಎತ್ತಬಹುದಾದ ಕೊಂಡಿ. ಇಷ್ಟು ಮಾಡಿದ್ದಕ್ಕೆ ನನ್ನ ದಿನ ಬೇರೆಯದೇ ಆಯಿತು. ಮೊದಲು ಬೆಳಿಗ್ಗೆ ಅತ್ತೆ ಎದ್ದೇಳುವ ತನಕ ಕಾಯುತ್ತಾ ಮಲಗಿರುತ್ತಿದ್ದೆ. ಈಗ ಅವರಿಗಿಂತ ಮೊದಲೇ ಎದ್ದು ಹೋಗಿ ಬರುತ್ತೇನೆ.

ಸ್ನಾನಕ್ಕೆ ಎತ್ತರದ ಸ್ಟೂಲು, ಅದರ ಕಾಲಿಗೆ ರಬ್ಬರ್ ಬುಷ್. ಹಂಡೆಯಿಂದ ತಾಮ್ರದ ಚೊಂಬು ತುಂಬಿ ತಲೆಗೆ ಸುರಿದುಕೊಳ್ಳುವ ಸುಖ ಈಗಿಲ್ಲ. ನೀರು ತುಂಬಿದ ಚೊಂಬು ಭುಜದ ಮಟ್ಟ ದಾಟುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಹಾಲು ಕುಡಿಯುತ್ತಿದ್ದ ಪ್ಲಾಸ್ಟಿಕ್ ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳುತ್ತೇನೆ. ತಲೆಸ್ನಾನ ವಾರಕ್ಕೊಂದು ಸಲ, ಅದೂ ಮಗಳಿಗೆ ರಜೆ ಇದ್ದ ದಿನ. ಸೊಂಟದ ತನಕ ಇದ್ದ ಕೂದಲನ್ನು ಕುತ್ತಿಗೆಗೆ ಕತ್ತರಿಸಿಕೊಂಡೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಬಾಚುವಾಗ ಮೊಣಕೈಯನ್ನು ಮೇಜಿನ ಮೇಲೆ ಊರಿ ತಲೆಯನ್ನೇ ಬಾಚಣಿಗೆಯ ಹತ್ತಿರ ತರುತ್ತೇನೆ. ಕೈ ತಲೆಯ ಹತ್ತಿರ ಹೋಗದಿದ್ದರೆ ತಲೆಯೇ ಕೈ ಹತ್ತಿರ ಬರಬೇಕು, ಇನ್ನೇನು ಮಾಡುವುದು?

ಸೀರೆ ಬಿಟ್ಟೆ. ಮುಂದೆ ಗುಂಡಿ ಇರುವ ನೈಟಿ, ಸಡಿಲ ತೋಳಿನ ಕುರ್ತಾ. ಹಬ್ಬಕ್ಕೆ ಮಾತ್ರ ಮಗಳು ಸೀರೆ ಉಡಿಸುತ್ತಾಳೆ. ನೆರಿಗೆ ಪಾದ ಮುಟ್ಟದಂತೆ ನಾಲ್ಕು ಬೆರಳು ಮೇಲೆ. ಎಡವಿದರೆ ನಾನು ಎಲ್ಲರ ಹಾಗೆ ತಡವರಿಸುವುದಿಲ್ಲ. ಮೊಣಕಾಲನ್ನು ಹಿಂದಕ್ಕೆ ಒತ್ತಿ ಬೀಗ ಹಾಕಿದಂತೆ ನಿಂತಿರುತ್ತೇನೆ. ಆ ಬೀಗ ಸಡಿಲವಾದರೆ ಹಗ್ಗ ಕಡಿದ ಬಾವಿಯ ಬಿಂದಿಗೆ ಹಾಗೆ ನೇರ ಕೆಳಕ್ಕೆ. ಜಾತ್ರೆಯಲ್ಲಿ ಹಿಂದಿನಿಂದ ಒಂದು ಮಗು ತಾಗಿದರೂ ಸಾಕು.

ಅಡುಗೆಮನೆಗೆ ಬರೋಣ. ಇದು ನನಗೆ ಇಷ್ಟದ ಜಾಗ, ಬಿಟ್ಟುಕೊಡಲು ಮನಸ್ಸಿಲ್ಲ. ನನ್ನ ಕಾಯಿಲೆಯ ವಿಚಿತ್ರ ನೋಡಿ: ಭುಜ ಕೆಲಸ ಮಾಡುವುದಿಲ್ಲ, ಬೆರಳು ಮಾಡುತ್ತವೆ. ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಬಿಡಿಸುವುದು, ಹುರುಳಿಕಾಯಿ ಹೆಚ್ಚುವುದು ಎಲ್ಲ ನನ್ನದೇ. ಮುದ್ದೆಯ ವಿಷಯಕ್ಕೆ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಎಸರಿಗೆ ರಾಗಿ ಹಿಟ್ಟು ಹಾಕಿ, ಕವೆಗೋಲು ಕೊಟ್ಟು, ಗಂಟಾಗದಂತೆ ತಿರುವುವುದು ಇದ್ದಬದ್ದ ಭುಜಬಲವನ್ನೆಲ್ಲ ಕೇಳುವ ಕೆಲಸ. ಅದು ನಮ್ಮನೆಯವರದ್ದು. ಬಿಸಿ ಬಿಸಿ ಹಿಟ್ಟನ್ನು ಕೈ ಒದ್ದೆ ಮಾಡಿಕೊಂಡು ಮಣೆ ಮೇಲೆ ಉರುಳಿಸಿ ಮುದ್ದೆ ಕಟ್ಟುವುದು ನಾನು. ಮೊದಮೊದಲು ಗಂಡಸು ಮುದ್ದೆ ತಿರುವುತ್ತಾನೆ ಅಂತ ಓಣಿಯಲ್ಲಿ ನಗುತ್ತಿದ್ದರು. ಅವರ ಮುದ್ದೆಗಿಂತ ನಮ್ಮದೇ ಚೆನ್ನಾಗಿರುತ್ತದೆ.

ಕುಕ್ಕರನ್ನು ನಾನು ಎತ್ತುವುದಿಲ್ಲ, ತಳ್ಳುತ್ತೇನೆ. ಒಲೆಯನ್ನು ಅಡುಗೆ ಕಟ್ಟೆಯ ಮೇಲೆ ಇಡದೆ, ಕಟ್ಟೆಯನ್ನೇ ಆ ಭಾಗದಲ್ಲಿ ತಗ್ಗಿಸಿ, ಬರ್ನರ್ ಮೇಲ್ಮೈ ಕಟ್ಟೆಯ ಮಟ್ಟಕ್ಕೆ ಬರುವ ಹಾಗೆ ಮಾಡಿಸಿದ್ದೇವೆ. ಒಲೆಯಿಂದ ಪಾತ್ರೆ ಜಾರಿಕೊಂಡು ಸಿಂಕಿನ ಪಕ್ಕಕ್ಕೆ ಬರುತ್ತದೆ. ಐದು ಲೀಟರಿನ ಕುಕ್ಕರ್ ಮೇಲಟ್ಟ ಸೇರಿತು. ಎರಡು ಲೀಟರಿನದ್ದರಲ್ಲಿ ಎರಡು ಸಲ ಕೂಗಿಸುತ್ತೇನೆ. ಮಿಕ್ಸಿಯ ದೊಡ್ಡ ಜಾರು ಬಿಟ್ಟು ಚಟ್ನಿ ಜಾರು. ಉಪ್ಪು, ಹುಳಿ, ಖಾರ, ಸಾಸಿವೆ ಎಲ್ಲವೂ ಹೊಟ್ಟೆಯ ಮಟ್ಟದಲ್ಲಿ. ಕಣ್ಣಿನ ಮಟ್ಟದ ಶೆಲ್ಫು ನನ್ನ ಪಾಲಿಗೆ ಬೇರೆ ಊರು. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಕಬ್ಬಿಣದ ಭಾರ ಬೇರೆ. ಅದನ್ನು ಬದಲಾಯಿಸುವುದು ನನ್ನಿಂದ ಯಾವತ್ತೂ ಆಗದು, ಅದಕ್ಕೆ ಪಕ್ಕದ ಮನೆ ಹುಡುಗನೇ ಗತಿ.

ಇಷ್ಟು ಮಾಡಿಯೂ ಶಕ್ತಿಗೆ ರೇಷನ್ ಇದೆ. ನಮ್ಮೂರಲ್ಲಿ ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಹಿಡಿದಿಟ್ಟಷ್ಟರಲ್ಲೇ ಬಟ್ಟೆ, ಪಾತ್ರೆ, ಸ್ನಾನ ಎಲ್ಲ ನಡೆಯಬೇಕು. ನನ್ನ ಮೈಯೂ ಹಾಗೇ. ತಲೆಸ್ನಾನದ ದಿನ ಚಪಾತಿ ಇಲ್ಲ. ಆಸ್ಪತ್ರೆಗೆ ಹೋಗಿ ಬಂದರೆ ಮಾರನೇ ದಿನ ಅಡುಗೆ ಇಲ್ಲ. ಇದನ್ನು ನೆಂಟರಿಗೆ ವಿವರಿಸುವುದು ಕಷ್ಟ. "ನಿನ್ನೆ ಚೆನ್ನಾಗೇ ಓಡಾಡ್ತಿದ್ದೆಯಲ್ಲ?" ಅನ್ನುತ್ತಾರೆ. ನಿನ್ನೆ ಓಡಾಡಿದ್ದಕ್ಕೇ ಇವತ್ತು ಆಗುತ್ತಿಲ್ಲ. "ಸುಮ್ನೆ ಕೂತ್ರೆ ಇನ್ನೂ ಹಿಡ್ಕೊಳುತ್ತೆ, ಜೋರಾಗಿ ವ್ಯಾಯಾಮ ಮಾಡು" ಅನ್ನುವವರಿಗೂ ಒಂದು ಮಾತು. ಕೈಕಾಲು ಮಡಿಸಿ ನೀಡಿ, ಕೀಲು ಬಿಗಿಯದಂತೆ ನೋಡಿಕೊಳ್ಳುವ ವ್ಯಾಯಾಮ ದಿನಾ ಮಾಡುತ್ತೇನೆ, ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು. ಆದರೆ ಮೈ ನೋಯುವಷ್ಟು ದಣಿದರೆ ನನ್ನ ಸ್ನಾಯು ಬೆಳೆಯುವುದಿಲ್ಲ, ಹರಿಯುತ್ತದೆ.

ಇನ್ನು ಹೊಸ್ತಿಲು. ನಮ್ಮ ಮನೆಯದ್ದು ಮೂರು ಇಂಚಿನ ಮರದ ಹೊಸ್ತಿಲು. ಅತ್ತೆ ಮದುವೆಯಾಗಿ ಬಂದಾಗ ಸೇರು ಒದ್ದು ದಾಟಿದ್ದು, ನಾನು ಬಂದಾಗಲೂ ದಾಟಿದ್ದು. ದಿನಾ ಬೆಳಿಗ್ಗೆ ಅರಿಶಿನ, ಕುಂಕುಮ, ಹೂವು. ಆ ಮೂರು ಇಂಚಿಗೆ ಪಾದ ಎತ್ತಲಾಗದೆ ನಾನು ಬಿದ್ದದ್ದು ಎಷ್ಟು ಸಲವೋ. ತೆಗೆಸೋಣ ಅಂದರೆ ಲಕ್ಷ್ಮಿಯನ್ನು ತೆಗೆದಂತೆ ಅಂತ ಅತ್ತೆ ಅತ್ತರು. ಎರಡು ವರ್ಷ ಹಾಗೇ ಎಳೆಯಿತು. ಕೊನೆಗೆ ಅವರೇ ಒಂದು ದಿನ ಬಡಗಿಯನ್ನು ಕರೆಸಿದರು. ಹೊಸ್ತಿಲಿನ ಎರಡೂ ಬದಿಗೆ ಇಳಿಜಾರು ಹಲಗೆ ಕೂರಿಸಿ, ಅದನ್ನು ಮುಚ್ಚದೆ ನಡುವೆ ಒಂದು ಗೆರೆಯಷ್ಟು ಮರ ಕಾಣುವ ಹಾಗೆ ಬಿಡಿಸಿದರು. ಆ ಗೆರೆಗೇ ಈಗ ಅರಿಶಿನ ಕುಂಕುಮ. 72 ವರ್ಷದ ಹೆಂಗಸಿಗೆ ಹೊಳೆದದ್ದು ಇಲಾಖೆಗಳಿಗೆ ಯಾಕೆ ಹೊಳೆಯಲಿಲ್ಲ ಅಂತ ನನಗೆ ಆಶ್ಚರ್ಯ.

ಹೊಳೆದಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಬರವಣಿಗೆಯಲ್ಲಿ ನಿಮಗೆ ಎಲ್ಲ ಗೊತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳು ಬಗೆಯ ಅಂಗವಿಕಲತೆಯನ್ನು 21ಕ್ಕೆ ಏರಿಸಿತು, ಮಸ್ಕ್ಯುಲರ್ ಡಿಸ್ಟ್ರೊಫಿಯ ಹೆಸರು ಅದರಲ್ಲಿ ಬಂತು. ಆಮೇಲೆ ಅಂಗವಿಕಲತೆಯ ಶೇಕಡಾವಾರು ಲೆಕ್ಕ ಹಾಕಲು ಕೇಂದ್ರ ಸರ್ಕಾರ 2018ರಲ್ಲಿ ಗೆಜೆಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಾಗ ನನಗೆ ಮೈ ಜುಂ ಅಂದಿತು. ಕೈಯ ಕೆಲಸ ಅಳೆಯಲು ಅದರಲ್ಲಿ ಹತ್ತು ಚಟುವಟಿಕೆ ಇದ್ದವು. ತಲೆಯ ಮೇಲಿನ ವಸ್ತುವನ್ನು ತೆಗೆದು ಇಡುವುದು, ನಮ್ಮ ರೀತಿಯಲ್ಲಿ ಕೈಯಿಂದ ಊಟ ಮಾಡುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಲೋಟದಿಂದ ನೀರು ಕುಡಿಯುವುದು, ಶೌಚದ ನಂತರ ತೊಳೆದುಕೊಳ್ಳುವುದು... ಒಂದೊಂದಕ್ಕೂ ಶೇಕಡಾ 9. ಕಾಲಿನ ಪಟ್ಟಿಯಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಕೂಡ ಇದ್ದವು.

ಇದು ನನ್ನ ಮನೆಯೇ ಅಲ್ವಾ? ನನ್ನ ಬಚ್ಚಲು, ನನ್ನ ಕನ್ನಡಿ, ನನ್ನ ಅಡುಗೆಮನೆ. ಅಳೆಯುವಾಗ ನೀವು ನನ್ನನ್ನು ಮನೆಯೊಳಗೆ ಅಳೆಯುತ್ತೀರಿ. ಕೊಡುವಾಗ ಮಾತ್ರ ಬೀದಿಗೆ ಬೇಕಾದದ್ದನ್ನು ಕೊಡುತ್ತೀರಿ. ತ್ರಿಚಕ್ರ ಸೈಕಲ್ಲು, ಪಕ್ಕದಲ್ಲಿ ಎರಡು ಚಕ್ರ ಹೆಚ್ಚಿಗೆ ಇರುವ ಸ್ಕೂಟರು, ಬಸ್ ಪಾಸು. ಬೇಕಾದವರಿಗೆ ಅವೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಕಕ್ಕಸಿನಿಂದ ಎದ್ದು ಬರಲಾಗದವಳು ಸ್ಕೂಟರ್ ಹತ್ತಿ ಎಲ್ಲಿಗೆ ಹೋಗಬೇಕು? ಬಸ್ಸು ಹೆಂಗಸರಿಗೆ ಈಗ ಹೇಗೂ ಉಚಿತ. ಅದರ ಮೊದಲ ಮೆಟ್ಟಿಲು ನನ್ನ ಮೊಣಕಾಲಿನಷ್ಟು ಎತ್ತರ.

(ಅಂದಹಾಗೆ, ನನ್ನನ್ನು ಅಳೆದ ದಿನ ಆ ಹತ್ತರಲ್ಲಿ ಒಂದನ್ನೂ ಕೇಳಲಿಲ್ಲ. ಹತ್ತು ಹೆಜ್ಜೆ ನಡೆಸಿದರು. ಗೋಡೆ ಹಿಡಿದು ನಡೆದೆ. "ಶೇಕಡಾ 65" ಅಂತ ಬರೆದರು. ಅದು 2019. ಕಾಯಿಲೆ ವರ್ಷ ವರ್ಷ ಮುಂದೆ ಹೋಗಿದೆ, ಕಾರ್ಡು ಅಲ್ಲೇ ನಿಂತಿದೆ. 75 ಮುಟ್ಟಿದರೆ ಪಿಂಚಣಿ ತಿಂಗಳಿಗೆ 1,400 ರೂಪಾಯಿ, 40ರಿಂದ 74ರ ತನಕ 800. ಮತ್ತೆ ಅಳೆಸಲು ಹೋಗಿ ಬರುವ ದಣಿವನ್ನು ನೆನೆದು ನಾನೇ ಸುಮ್ಮನಾಗಿದ್ದೇನೆ.)

ದುಡ್ಡಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಪಂಚಾಯಿತಿಯ ಅನುದಾನದಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು ಅಂತ ನಿಯಮವಿದೆ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಎಷ್ಟೋ ಜನ ಸ್ವತಃ ವಿಕಲಚೇತನರು, ನಮ್ಮ ಕಷ್ಟ ಬಾಯಿಬಿಟ್ಟು ಹೇಳದೆಯೂ ಗೊತ್ತಾಗುವವರು. ಅವರ ಕೈಗೆ ಒಂದು ಅಳತೆ ಟೇಪು ಕೊಡಿ. ಆ 5ರ ದುಡ್ಡಿನಲ್ಲಿ ಸಾಮಾನು ಕೊಳ್ಳುವ ಬದಲು ಗಾರೆ ಕೆಲಸ ಮಾಡಿಸಬಹುದು ಅಂತ ಒಂದು ಸಾಲು ಸೇರಿಸಿ: ಕಮೋಡು ಎತ್ತರಿಸುವುದು, ಕಂಬಿ ಹಾಕುವುದು, ಬಾಗಿಲನ್ನು ಹೊರಕ್ಕೆ ತಿರುಗಿಸುವುದು, ಹೊಸ್ತಿಲಿಗೆ ಹಲಗೆ, ಮಂಚಕ್ಕೆ ದಿಮ್ಮಿ. ನಮ್ಮ ಮನೆಯಲ್ಲಿ ಮಂಚದ ದಿಮ್ಮಿಗೆ ಖರ್ಚಾದದ್ದು 400 ರೂಪಾಯಿ. ಹೊಸ್ತಿಲಿಗೆ ಹಳೇ ಬಾಗಿಲಿನ ಹಲಗೆ, ಬಡಗಿಯ ಕೂಲಿ ಅಷ್ಟೇ. ಫೋಟೋಗೆ ಇದು ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇನೆ. ಕಮೋಡಿನ ಪಕ್ಕ ಅಧ್ಯಕ್ಷರು ಹಾರ ಹಾಕಿಕೊಂಡು ನಿಲ್ಲಲು ಆಗುವುದಿಲ್ಲ.

ಹೊಸ ಶೌಚಾಲಯಕ್ಕೆ ಹಣ ಕೊಡುವಾಗ, ಆ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರಲಾಗದವರು ಇದ್ದಾರಾ ಅಂತ ಅರ್ಜಿಯಲ್ಲೇ ಒಂದು ಪ್ರಶ್ನೆ ಇಟ್ಟರೆ ಒಡೆದು ಕಟ್ಟುವ ಖರ್ಚೇ ಉಳಿಯುತ್ತದೆ. ಇದು ನನ್ನೊಬ್ಬಳ ಮಾತಲ್ಲ. ಮಂಡಿ ನೋವಿನ ಅಜ್ಜಿಯರು ಯಾವ ಮನೆಯಲ್ಲಿಲ್ಲ ಹೇಳಿ.

ಆರೈಕೆ ಮಾಡುವವರ ಬಗ್ಗೆ. ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಆರೈಕೆದಾರರ ಭತ್ಯೆಯ ಮಾತಿದೆ. ನಮ್ಮ ರಾಜ್ಯ ಸರ್ಕಾರವೂ ಮಸ್ಕ್ಯುಲರ್ ಡಿಸ್ಟ್ರೊಫಿ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಬಜೆಟ್‌ನಲ್ಲಿ ಘೋಷಿಸಿತು. ಒಳ್ಳೆಯದು, ನಿಜವಾಗಿ ಒಳ್ಳೆಯದು. ಹಣದ ಜೊತೆಗೆ ಅರ್ಧ ದಿನದ ಒಂದು ತರಬೇತಿಯನ್ನೂ ಕೊಡಿ. ಎತ್ತುವುದು ಹೇಗೆ ಅಂತ ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಲಿಲ್ಲ. ಬಿದ್ದವರನ್ನು ಕಂಡರೆ ಎಲ್ಲರೂ ಕಂಕುಳಿಗೆ ಕೈ ಹಾಕಿ ಮೇಲೆಳೆಯುತ್ತಾರೆ. ನನ್ನಂಥವರ ಭುಜಕ್ಕೆ ಹಿಡಿತವಿಲ್ಲ. ಕೈ ಮೇಲಕ್ಕೆ ಹೋಗುತ್ತದೆ, ಮೈ ಕೆಳಗೇ ಜಾರುತ್ತದೆ, ಭುಜದ ಕೀಲು ಉಳುಕುತ್ತದೆ. ಎತ್ತಿದವರ ಬೆನ್ನೂ ಹೋಗುತ್ತದೆ. ನಾವು ಬಿದ್ದು ಎದ್ದು ಕಲಿತದ್ದು ಇಷ್ಟು: ಮೊದಲು ಐದು ನಿಮಿಷ ಹಾಗೇ ಬಿಡಿ, ಉಸಿರು ಸುಧಾರಿಸಲಿ. ನೋವೆಲ್ಲಿದೆ ಕೇಳಿ. ಆಮೇಲೆ ಸೊಂಟಕ್ಕೆ ಅಗಲವಾದ ಬಟ್ಟೆ ಸುತ್ತಿ, ಅದನ್ನು ಹಿಡಿದು ಇಬ್ಬರು ಎತ್ತಿ ಮೊದಲು ಒಂದು ಮಣೆಯ ಮೇಲೆ ಕೂರಿಸಿ. ಮಣೆಯಿಂದ ಸ್ಟೂಲು, ಸ್ಟೂಲಿನಿಂದ ಕುರ್ಚಿ. ಒಂದೇ ಏಟಿಗೆ ನೆಲದಿಂದ ನಿಲ್ಲಿಸಲು ಹೋಗಬೇಡಿ.

ಅತ್ತೆಗೆ ಈಗ ಅವರದ್ದೇ ಮಂಡಿ ನೋವು. ಮಗಳು ಪಿಯುಸಿ ಮುಗಿಸಿ ಓದಲು ಹೊರಗೆ ಹೋಗಬೇಕು, ಹೋಗಲೇಬೇಕು. ಅವಳು ಹೋದ ಮೇಲೆ ಹೇಗೆ ಅಂತ ಅವಳೇ ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಾಳೆ. ಹದಿನೇಳು ವರ್ಷದ ಹುಡುಗಿ ಕಾಲೇಜು ಆರಿಸುವಾಗ ಅಮ್ಮನ ಕಮೋಡಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನನಗೆ ಮನೆ ಸರಿಯಾಗಬೇಕಿರುವುದು ನನಗಿಂತ ಅವಳಿಗಾಗಿ.

ಮೇಸ್ತ್ರಿಗಳೇ, ನಿಮಗೆ ಬೇರೆಯೇ ಬೇಡಿಕೆ. ನಿಮ್ಮ ಹತ್ತಿರ ನಾನು ಸರ್ಕಾರಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಟಿದ್ದೇನೆ. ನೀವು ಇಂಚಿನ ಬೆಲೆ ಬಲ್ಲವರು. ಬಚ್ಚಲಿಗೆ ಹೊಳೆಯುವ ನುಣುಪು ಟೈಲ್ಸ್ ಹಾಕಿ ಅಂತ ಮಾಲೀಕರು ಕೇಳಿದರೂ ಒರಟಿನದ್ದು ಹಾಕಿ. ಬಚ್ಚಲ ಬಾಗಿಲು 24 ಇಂಚು ಸಾಕು ಅನ್ನಬೇಡಿ, 32 ಬಿಡಿ, ಗಾಲಿಕುರ್ಚಿ ನುಗ್ಗಬೇಕು. ಕಂಬಿಯನ್ನು ಈಗ ಹಾಕದಿದ್ದರೂ ಪರವಾಗಿಲ್ಲ, ಕಮೋಡಿನ ಪಕ್ಕದ ಗೋಡೆಯನ್ನು ಗಟ್ಟಿ ಇಟ್ಟಿಗೆಯಲ್ಲಿ ಕಟ್ಟಿ. ಟೊಳ್ಳು ಇಟ್ಟಿಗೆಯ ಗೋಡೆಗೆ ಹಾಕಿದ ಕಂಬಿ ನಾನು ಜಗ್ಗಿದ ದಿನವೇ ಕೈಗೆ ಬಂದಿತ್ತು. ಟವೆಲ್ ಹಾಕುವ ಕಂಬಿಯನ್ನಂತೂ ಹಿಡಿದು ಏಳಲು ತೋರಿಸಬೇಡಿ, ಅದು ಟವೆಲಿಗೇ.

ಅಧಿಕಾರಿಗಳಲ್ಲಿ ಯಾರಾದರೂ ನೋಡಲು ಬರುವುದಾದರೆ ಬನ್ನಿ. ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಅಷ್ಟರಲ್ಲಿ ಸ್ನಾನ ಮುಗಿದಿರುತ್ತದೆ. ಹಾರ, ಶಾಲು ಬೇಡ. ಅಳತೆ ಟೇಪು ತನ್ನಿ. ನಮ್ಮದು ಬೀದಿಯ ಕೊನೆ ಮನೆ. ಹೊಸ್ತಿಲಿಗೆ ಇಳಿಜಾರು ಇರುವುದು ನಮ್ಮ ಮನೆಗೊಂದೇ, ಗುರುತು ಸಿಗುತ್ತದೆ. ಕಾಫಿ ನಾನೇ ಮಾಡುತ್ತೇನೆ. ಮೇಲಿನ ಶೆಲ್ಫಿನಿಂದ ನೆಂಟರ ಲೋಟ ಮಾತ್ರ ನೀವು ಇಳಿಸಿಕೊಡಬೇಕು.

ಇಂತಿ,
ತುಮಕೂರು ಜಿಲ್ಲೆಯ ಒಂದು ಹಳ್ಳಿಯಿಂದ,
21 ಇಂಚಿನ ಸಿಂಹಾಸನದವಳು